ಹಿಂಬಾಗಿಲಿನ ಕೆಳಗಿನ ಅಂಚು: ಹಳೆಯ ಸ್ಟೇಷನ್ ವ್ಯಾಗನ್‌ಗಳ ಕುರಿತು

ಮಾನ್ಯರೇ,

ಮಂಗಳೂರಿನ ಈ ಮೈದಾನದಲ್ಲಿ ಬೆಳಿಗ್ಗೆಯಿಂದ ಸಾಲಾಗಿ ನಿಂತಿರುವ ಹಳೆಯ ಕಾರುಗಳಲ್ಲಿ ಹೆಚ್ಚಿನವರ ಕಣ್ಣು ಸೆಳೆದಿರುವುದು ಮೇಲ್ಛಾವಣಿ ಮಡಚುವ ಕಾರುಗಳು. ನಾನು ಮಾತನಾಡಬೇಕೆಂದಿರುವುದು ಸಾಲಿನ ಕೊನೆಯಲ್ಲಿರುವ ಮೂರು ಸ್ಟೇಷನ್ ವ್ಯಾಗನ್‌ಗಳ ಬಗ್ಗೆ, ಎಂದರೆ ಮಾಡು ಹಿಂಬಾಗಿಲಿನವರೆಗೂ ಚಾಚಿ, ಸೀಟಿನ ಹಿಂದೆ ಸಾಮಾನಿಗೆ ಜಾಗವಿರುವ ಕಾರುಗಳ ಬಗ್ಗೆ. ಇಷ್ಟು ದೊಡ್ಡ ಪ್ರದರ್ಶನದಲ್ಲಿ ಮೂರೇ ಏಕೆ ಎಂದು ಯಾರಾದರೂ ಕೇಳಬಹುದು. ಸಿರಿವಂತರ ಕಾರು ಶೆಡ್ಡಿನೊಳಗೆ ಬಟ್ಟೆ ಹೊದ್ದು ಉಳಿದುಕೊಂಡಿತು. ವ್ಯಾಗನ್ ಮಾತ್ರ ಮೂಟೆ ಹೊತ್ತು, ಮದುವೆಯ ದಿಬ್ಬಣ ಹೊತ್ತು, ಮಳೆಯಲ್ಲಿ ನೆನೆದು, ಕೊನೆಗೆ ಗುಜರಿಗೆ ಹೋಯಿತು. ಆದ್ದರಿಂದ ಉಳಿದಿರುವ ಒಂದೊಂದು ವ್ಯಾಗನ್ನಿನ ಹಿಂದೆಯೂ ಯಾರದೋ ಹಟವಿದೆ ಎಂದು ನಾನು ನಂಬಿದ್ದೇನೆ.

ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಅಮೆರಿಕದಲ್ಲಿ ರೈಲು ನಿಲ್ದಾಣದಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಹೋಟೆಲಿಗೆ ಸಾಗಿಸುತ್ತಿದ್ದ ಗಾಡಿಗಳೇ ಇವುಗಳ ಪೂರ್ವಜರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದೇ ಕಾಲಕ್ಕೆ ಅಮೆರಿಕದಲ್ಲಿ ಮೋಟಾರು ಚಾಸಿಯ, ಎಂದರೆ ಗಾಡಿಯ ತಳದ ಚೌಕಟ್ಟಿನ, ಮೇಲೆ ಬಡಗಿಗಳು ಮರದ ಮೈ ಕಟ್ಟುವುದನ್ನು ಕಲಿಯುತ್ತಿದ್ದರು. 1929ರಲ್ಲಿ ಫೋರ್ಡ್ ತನ್ನ ಮಾಡೆಲ್ ಎ ವ್ಯಾಗನ್ನನ್ನು ಹೊರತಂದಾಗ ಅದಕ್ಕೆ ಬೇಕಾದ ಮರ ಮಿಶಿಗನ್ನಿನಲ್ಲಿ ಆ ಕಂಪನಿಯದೇ ಆಗಿದ್ದ ಕಾಡಿನಿಂದ ಬರುತ್ತಿತ್ತು.

ಈ ಮೂರರಲ್ಲಿ ಮೊದಲನೆಯದು ಅಮೆರಿಕದ ವಿಲ್ಲಿಸ್ ಕಂಪನಿಯ ವ್ಯಾಗನ್. ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸ ಮಾಡಿದ ಈ ಗಾಡಿ 1946ರಲ್ಲಿ ಬಂದಾಗ ಅದರ ಮೈಯೆಲ್ಲ ಉಕ್ಕಿನದು. ಆದರೂ ಜನರ ಕಣ್ಣಿಗೆ ವ್ಯಾಗನ್ ಎಂದರೆ ಮರ ಎಂದೇ ರೂಢಿಯಾಗಿದ್ದರಿಂದ ಉಕ್ಕಿನ ಮೇಲೆ ಮರದ ಚೌಕಟ್ಟಿನಂತೆ ಬಣ್ಣ ಬಳಿದು ಮಾರಿದರು. ಅದರ ಪಕ್ಕಗಳು ಅಷ್ಟೊಂದು ಚಪ್ಪಟೆಯಾಗಿರುವುದಕ್ಕೂ ಕಾರಣವಿದೆ. ಮನೆಬಳಕೆಯ ಉಪಕರಣಗಳಿಗೆ ತಗಡು ಒತ್ತುತ್ತಿದ್ದ ಕಾರ್ಖಾನೆಯ ಯಂತ್ರಗಳಿಗೆ ಆಳವಾದ ಬಾಗುಗಳು ಸಾಧ್ಯವಿರಲಿಲ್ಲ. ವಿನ್ಯಾಸಕಾರ ಆ ಮಿತಿಯೊಳಗೇ ಇಷ್ಟು ಗಂಭೀರವಾದ ರೂಪವನ್ನು ತೆಗೆದಿದ್ದಾನೆ.

ಎರಡನೆಯದರ ಮುಂದೆ ದಯವಿಟ್ಟು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಮೋರಿಸ್ ಮೈನರ್ ಟ್ರಾವೆಲರ್, 1953ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದದ್ದು. ಮೂಲ ಮೈನರ್ ಕಾರು ಅಲೆಕ್ ಇಸಿಗೋನಿಸ್ ಅವರ ವಿನ್ಯಾಸ. ಹಿಂಭಾಗದಲ್ಲಿ ಕಾಣುವ ಮರವನ್ನು ಅಲಂಕಾರವೆಂದು ತಿಳಿಯುವವರು ಬಹಳ. ಹಾಗಲ್ಲ, ಆಷ್ ಮರದ ಆ ಚೌಕಟ್ಟೇ ಗಾಡಿಯ ಹಿಂಬದಿಯ ಎಲುಬು. ಅಲ್ಯೂಮಿನಿಯಂ ಹಾಳೆಗಳು ಅದರ ನಡುವೆ ಕೂತಿವೆ. ಮರ ಕೊಳೆತರೆ ಗಾಡಿಯೇ ಕುಸಿದಂತೆ. ಪಕ್ಕದ ಗಾಜುಗಳು ಅತ್ತಿತ್ತ ಸರಿಯುವ ಕೆಳಗಿನ ಕಾಲುವೆಯನ್ನು ಬಗ್ಗಿ ನೋಡಿ. ನೀರು ನಿಲ್ಲುವುದು ಅಲ್ಲೇ. ಮೊದಲು ಹಸಿರು ಪಾಚಿ, ಆಮೇಲೆ ಮರದಲ್ಲಿ ಕಪ್ಪು ಕಲೆ, ಆಮೇಲೆ ಬೆರಳಿಟ್ಟರೆ ಒಳಗಿಳಿಯುವ ಮೆತುವು. ಆಟಿ ತಿಂಗಳ ಮಳೆಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಮುಚ್ಚಿಗೆಯಿರುವ ಹಳೆಯ ಮನೆಗಳನ್ನು ರಿಪೇರಿ ಮಾಡಿ ಕೈ ಪಳಗಿದ ನಮ್ಮ ಕರಾವಳಿಯ ಆಚಾರಿಯೊಬ್ಬರು ಈ ಗಾಡಿಯ ಕೊಳೆತ ತುಂಡನ್ನು ಮಾತ್ರ ಕತ್ತರಿಸಿ ತೆಗೆದು, ಎಳೆಯ ದಿಕ್ಕು ತಪ್ಪದಂತೆ ಹೊಸ ಮರವನ್ನು ಕೂಡಿಸಿದ್ದಾರೆ. ಬಲಬದಿಯ ಹಿಂಬಾಗಿಲ ಕೆಳಗೆ ಹಳೆಯ ಬಣ್ಣಕ್ಕೂ ಹೊಸ ಬಣ್ಣಕ್ಕೂ ನಡುವೆ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದಿದೆ. ಅದನ್ನು ಬಣ್ಣ ಹಚ್ಚಿ ಮರೆಮಾಡದೆ ಬಿಟ್ಟಿರುವುದು ನನಗೆ ತುಂಬ ಹಿಡಿಸಿತು.

ಮೂರನೆಯದು ನಮ್ಮ ನಾಡಿನದೇ ಟಾಟಾ ಎಸ್ಟೇಟ್, 1992ರಲ್ಲಿ ಮಾರುಕಟ್ಟೆಗೆ ಬಂದದ್ದು. ಇದರ ಮುಂದೆ ನಿಂತಾಗ ನಾನು ಬರಿಯ ಪ್ರೇಕ್ಷಕನಾಗಿ ಉಳಿಯಲಾರೆ. ಪುತ್ತೂರಿನ ಕಡೆಯ ನಮ್ಮ ತೋಟದಿಂದ ಅಪ್ಪ ಇಂಥದೇ ಗಾಡಿಯಲ್ಲಿ ಅಡಿಕೆ ಮೂಟೆಗಳನ್ನು ಮಂಗಳೂರಿಗೆ ತರುತ್ತಿದ್ದರು. ಹಿಂದಿನ ಸೀಟು ಮಡಚಿದರೆ ಮೂಟೆಗೆ ಜಾಗ, ಬಿಡಿಸಿದರೆ ನಮಗೆಲ್ಲ ಜಾಗ. ಹಿಂಬಾಗಿಲಿನ ಕೆಳಗಿನ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮ ಗಾಡಿಯಲ್ಲಿ ಅವು ಕೆಂಪು ಮಣ್ಣು ಮೆತ್ತಿ ಮುಚ್ಚಿಹೋಗಿದ್ದನ್ನು ಯಾರೂ ಗಮನಿಸಲಿಲ್ಲ. ಹೊರಗಿನ ಬಣ್ಣ ಹೊಳೆಯುತ್ತಲೇ ಇತ್ತು, ಒಳಗಿನಿಂದ ತಗಡು ತಿಂದುಹೋಯಿತು. ಒಂದು ಮಳೆಗಾಲದ ಕೊನೆಗೆ ಬಾಗಿಲು ಎತ್ತಿದಾಗ ಅದರ ಅಂಚು ಕೈಯಲ್ಲೇ ಪುಡಿಯಾಗಿ ಬಂತು. ಒಂದು ಕಡ್ಡಿಯಿಂದ ಅರ್ಧ ನಿಮಿಷದಲ್ಲಿ ಆಗಬಹುದಾಗಿದ್ದ ಕೆಲಸವದು ಎಂಬ ನೋವು ನನಗೆ ಇನ್ನೂ ಹೋಗಿಲ್ಲ.

1994ರಲ್ಲಿ ಟಾಟಾ ಸುಮೋ ಬಂದ ಮೇಲೆ ದೊಡ್ಡ ಸಂಸಾರಗಳು ಅತ್ತ ಹೊರಳಿದವು. 2004ರ ಇಂಡಿಗೋ ಮರೀನಾದಂಥ ವ್ಯಾಗನ್‌ಗಳು ಬಂದರೂ ಹೆಚ್ಚು ಕಾಲ ನಿಲ್ಲಲಿಲ್ಲ. ಎತ್ತರದ ಗಾಡಿಗಳನ್ನು ನಾನು ಹಳಿಯುವುದಿಲ್ಲ, ನಮ್ಮ ಘಟ್ಟದ ರಸ್ತೆಗಳಿಗೆ ಅವು ಒಗ್ಗಿದವು. ಆದರೆ ಕಾರಿನಷ್ಟೇ ತಗ್ಗಾಗಿ ಕೂತು, ಮುಂಗಾಜಿನ ಮೇಲಿಂದ ಹಿಂಬಾಗಿಲಿನವರೆಗೆ ಎಲ್ಲೂ ತುಂಡಾಗದೆ ಸಾಗುವ ವ್ಯಾಗನ್ನಿನ ಆ ಉದ್ದನೆಯ ಮಾಡಿನ ಗೆರೆ ಅವುಗಳಲ್ಲಿ ನನಗೆ ಕಾಣಿಸಿಲ್ಲ.

ಟ್ರಾವೆಲರಿನ ಮಾಲೀಕರು ಹಿಂದಿನ ಎರಡೂ ಬಾಗಿಲುಗಳನ್ನು ಸಂಜೆಯವರೆಗೆ ತೆರೆದಿಡುವುದಾಗಿ ಒಪ್ಪಿದ್ದಾರೆ. ಮರವನ್ನು ಮುಟ್ಟಿ ನೋಡಬಹುದು. ಕೈಯಲ್ಲಿ ಉಂಗುರವಿದ್ದರೆ ಮೊದಲು ತೆಗೆದಿಟ್ಟುಕೊಳ್ಳಿ, ವಾರ್ನಿಷ್ ಹೊಸದು.