ಕಾಡು ಬೆಳೀತಾ?

ಎಲ್ಲರಿಗೂ ನಮಸ್ಕಾರ. ಈ ಕಾರ್ಯಕ್ರಮ ಇದ್ದದ್ದು 10.30ಕ್ಕೆ. ಸಂಘಟಕರು ನನಗೆ ಮಾತ್ರ 10 ಗಂಟೆ ಅಂತ ಹೇಳಿದ್ದರು. ತೀರ್ಥಹಳ್ಳಿ ಕಡೆಯಿಂದ ಹೊರಟು ಶಿವಮೊಗ್ಗಕ್ಕೆ ಬಂದು ಈ ಬಾಗಿಲಲ್ಲಿ ಕಾಲಿಟ್ಟಾಗ 10.25. ಓಡಿ ಬಂದು ತಪ್ಪಾಯಿತು ಅಂದರೆ, ಅವರು ನಗುತ್ತ ಕಾಫಿ ಕೊಟ್ಟರು. ನನ್ನ ಬಗ್ಗೆ ಚೆನ್ನಾಗಿ ವಿಚಾರಿಸಿಕೊಂಡೇ ಕರೆದಿದ್ದಾರೆ ಅಂತ ಆಗ ಗೊತ್ತಾಯಿತು.

ನನಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದೆಡೆ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಗೊತ್ತಾಗಿದ್ದು 41ನೇ ವಯಸ್ಸಿನಲ್ಲಿ, ಅದೂ ಮಗನನ್ನು ತೋರಿಸಲು ಹೋದಾಗ. ಡಾಕ್ಟರು ಅವನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ನಾನು ಎಲ್ಲದಕ್ಕೂ ‘ಅದರಲ್ಲೇನಿದೆ, ನಾನೂ ಹಾಗೇ’ ಅನ್ನುತ್ತಿದ್ದೆ. ಐದಾರು ಸಲ ಹಾಗಂದ ಮೇಲೆ ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಇದು ಬಹುಮಟ್ಟಿಗೆ ವಂಶದಲ್ಲಿ ಇಳಿದು ಬರುವಂಥದ್ದು. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಅನುವಂಶೀಯತೆಯ ಪಾಲು ಸುಮಾರು ಶೇ. 70ರಿಂದ 80 ಅನ್ನುತ್ತವೆ. ನಮ್ಮಪ್ಪ ಪಂಪ್‌ಸೆಟ್ಟಿನ ವಾಷರ್ ತರಲು ಪೇಟೆಗೆ ಹೋಗಿ ರೇಡಿಯೊ ತಂದವರು. ಅವರ ತೋಟ ಅಣ್ಣನ ಪಾಲಿಗೆ ಹೋಯಿತು. ಇದು ನನ್ನ ಪಾಲಿಗೆ ಬಂತು.

ನಮ್ಮ ಮನೆಯ ಒಂದು ಕಥೆ ಹೇಳುತ್ತೇನೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಬೆಂಕಿ ನೋಡಿಕೊಳ್ಳುವ ಕೆಲಸ ನನ್ನದು. ಸೌದೆ ಕಡಿಮೆಯಾಯಿತು ಅಂತ ಕೊಟ್ಟಿಗೆಗೆ ಹೋದೆ. ಅಲ್ಲಿ ಹಳೆಯ ವಾರಪತ್ರಿಕೆಗಳ ಕಟ್ಟು ಇತ್ತು. ಒಂದು ಧಾರಾವಾಹಿಯ 7ನೇ ಕಂತು ಸಿಕ್ಕಿತು. 8ನೇದು ಹುಡುಕತೊಡಗಿದೆ. ಎಷ್ಟು ಹೊತ್ತಾಯಿತೋ, ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಏನೇ, ಸೌದೆ ಸಿಕ್ತಾ? ಇಲ್ಲ ಕಾಡು ಬೆಳೆಸಿ ತರ್ತಾ ಇದ್ದೀಯಾ?”

ಆವತ್ತು ಆ ಮಾತು ನನಗೆ ಚುಚ್ಚಿತು. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಅದೇ ಮಾತು ನಮ್ಮ ಮನೆಯ ಗಾದೆ. ಸಾಮಾನು ತರಲು ಹೋಗಿ ಎರಡು ತಾಸಾದರೆ ನನ್ನವರು ವಾಟ್ಸಾಪಿನಲ್ಲಿ ಎರಡೇ ಪದ ಕಳಿಸುತ್ತಾರೆ: ‘ಕಾಡು ಬೆಳೀತಾ?’ ನಾನು ‘ಈಗ ಸಸಿ’ ಅಂತ ಉತ್ತರ ಹಾಕಿ ಗಡಿಬಿಡಿಯಲ್ಲಿ ಹೊರಡುತ್ತೇನೆ.

ಮಾತು ಅದೇ. ನಡುವೆ ಆದದ್ದು ಇಷ್ಟೇ: ಆ ಮಾತಿನ ಹಿಂದಿರುವುದು ಏನು ಅಂತ ಮನೆಯವರಿಗೆಲ್ಲ ತಿಳಿಯಿತು. ಕೈಯಲ್ಲಿರುವ ಕೆಲಸವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ನನ್ನಂಥವರಲ್ಲಿ ಸಡಿಲ. ಕಣ್ಣಿಗೆ ಇನ್ನೊಂದು ಬಿದ್ದರೆ ಮೊದಲಿನದು ಜಾರುತ್ತದೆ. ಹೊತ್ತು ಎಷ್ಟು ಕಳೆಯಿತು ಅನ್ನುವ ಅಂದಾಜೂ ತಪ್ಪುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಇದನ್ನು ಗುಣದ ದೋಷ ಅನ್ನುವುದು ಹಳೆಯ ಚಾಳಿ. ಲಂಡನ್ನಿನಲ್ಲಿ 1902ರಲ್ಲಿ ಜಾರ್ಜ್ ಸ್ಟಿಲ್ ಅನ್ನುವ ಮಕ್ಕಳ ವೈದ್ಯರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ, ಅವರಿಗೂ ಕಂಡದ್ದು ‘ನೈತಿಕ ಹತೋಟಿ’ಯ ಕೊರತೆ. ನಮ್ಮ ಶಾಲೆಯಲ್ಲಿ ಇಷ್ಟು ದೊಡ್ಡ ಪದ ಬಳಸುತ್ತಿರಲಿಲ್ಲ. ‘ತಲೆ ಎಲ್ಲಿಟ್ಟು ಬಂದೆ?’ ಅಂತಿದ್ದರು, ಅಷ್ಟೇ. ಸುಮ್ನೆ ಕೂತು ಕಿಟಕಿ ನೋಡುವ ಹುಡುಗಿಗೆ ತೊಂದರೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ? ಕುರ್ಚಿ ಬೀಳಿಸುವ ಹುಡುಗನಾದರೆ ಬೇಗ ಕಣ್ಣಿಗೆ ಬೀಳುತ್ತಾನೆ.

ನಾಚಿಕೆ ಮಾಡುವ ಕೆಟ್ಟ ಕೆಲಸ ಏನು ಗೊತ್ತಾ? ಮರೆತದ್ದನ್ನು ಮುಚ್ಚಿಡಿಸುತ್ತದೆ. ಒಮ್ಮೆ ಕರೆಂಟ್ ಬಿಲ್ಲು ಕಟ್ಟುವುದು ಮರೆತೆ. ನಾಚಿಕೆಯಾಗಿ ಅದನ್ನು ಡಬ್ಬಿಯ ಅಡಿಗೆ ತಳ್ಳಿದೆ. ಮರುತಿಂಗಳ ಬಿಲ್ಲನ್ನೂ ಅಲ್ಲಿಗೇ ತಳ್ಳಿದೆ. ಕೊನೆಗೆ ಲೈನ್‌ಮ್ಯಾನ್ ಕಂಬ ಹತ್ತಿದ. ಈಗ ಅಂಥದ್ದಾದರೆ ಊಟಕ್ಕೆ ಕೂತಾಗ ಜೋರಾಗಿ ಘೋಷಿಸುತ್ತೇನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಕೈ ತೊಳೆದವಳೇ ಬಿಲ್ಲು ಕಟ್ಟುತ್ತೇನೆ. ನಗು ನನ್ನ ಮರೆವನ್ನು ಒಂಚೂರೂ ಕಡಿಮೆ ಮಾಡಿಲ್ಲ. ಬಿಲ್ಲಿಗೂ ನನಗೂ ನಡುವೆ ಇದ್ದ ಡಬ್ಬಿಯನ್ನು ಎತ್ತಿ ಆಚೆ ಇಟ್ಟಿದೆ.

ಮಳೆಗಾಲದಲ್ಲಿ ನಾನು ಕಳೆಯುವ ಕೊಡೆಗಳಿಗೆ ನನ್ನವರು ಅಡಿಕೆ ಲೆಕ್ಕದ ಪುಸ್ತಕದಲ್ಲೇ ಒಂದು ಕಾಲಂ ಮಾಡಿದ್ದಾರೆ. ತಲೆಬರಹ ‘ತೇಮಾನು’. ಹೋದ ವರ್ಷ ನಾಲ್ಕು.

ಆದರೆ ಎಲ್ಲ ನಗುವೂ ಒಳ್ಳೆಯದಲ್ಲ. ಕಾಲೇಜಿನಲ್ಲಿ ನಾನು ಯಕ್ಷಗಾನದ ಹಾಸ್ಯಗಾರನ ಹಾಗೆ ಇದ್ದೆ. ಬೇರೆಯವರು ಬೈಯುವ ಮೊದಲೇ ನನ್ನನ್ನು ನಾನೇ ಗೇಲಿ ಮಾಡಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಹಾಸ್ಟೆಲ್ಲಿಗೆ ಬಂದು ಅಳುತ್ತಿದ್ದೆ. ಹಾಸ್ಯಗಾರನಾದರೂ ಬೆಳಗಾದರೆ ಚೌಕಿಗೆ ಹೋಗಿ ಬಣ್ಣ ತೆಗೆಯುತ್ತಾನೆ. ನಾನು ಇಪ್ಪತ್ತು ವರ್ಷ ತೆಗೆಯಲಿಲ್ಲ. ‘ಅವಳು ತಮಾಷೆಯವಳು’ ಅಂದುಕೊಂಡ ಜನ, ಇವಳಿಗೆ ಸಹಾಯ ಬೇಕಾಗಿದೆ ಅಂತ ಯೋಚಿಸಲೇ ಇಲ್ಲ. ಅವರ ತಪ್ಪಲ್ಲ, ಬಣ್ಣ ಅಷ್ಟು ಚೆನ್ನಾಗಿ ಬಳಿದಿದ್ದೆ. ಈಗಲೂ ಮಗನನ್ನು ಯಾರಾದರೂ ಛೇಡಿಸಿದರೆ ಅವನ ಮುಖ ನೋಡುತ್ತೇನೆ. ಅವನು ಮೊದಲು ನಕ್ಕರೆ ಮಾತ್ರ ನಾನು ನಗುವುದು.

ನಗು ಔಷಧಿಯ ಬದಲಿಯೂ ಅಲ್ಲ. ನಾನು ಡಾಕ್ಟರು ಬರೆದುಕೊಟ್ಟ ಮಾತ್ರೆ ತಗೊಳ್ಳುತ್ತೇನೆ. ಅದನ್ನು ತಗೊಳ್ಳುವುದನ್ನೂ ಮರೆಯುತ್ತೇನೆ, ಅದು ಬೇರೆ ವಿಷಯ. ನಿಮಗೋ ಮನೆಯ ಮಕ್ಕಳಿಗೋ ಅನುಮಾನ ಇದ್ದರೆ ಮನೋವೈದ್ಯರನ್ನು ಕಾಣಿ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು, ಅಡಿಕೆ ಸುಲಿಯುವ ರಾತ್ರಿಗಳು ನೆನಪಿರಬೇಕು ನಿಮಗೆ. ಈಗ ಮಷೀನು ಬಂದು ಕಡಿಮೆಯಾಗಿದೆ. ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುತ್ತ ಕೂತು, ಊರಿನ ಸುದ್ದಿಯೆಲ್ಲ ಸುಲಿಯುತ್ತ ಅಡಿಕೆಯನ್ನೂ ಸುಲಿಯುತ್ತಿದ್ದರು. ಒಬ್ಬಳೇ ಕೂತರೆ ಅರ್ಧ ಗಂಟೆಗೆ ಎದ್ದು ಹೋಗುವ ನಾನು ಅಲ್ಲಿ ನಡುರಾತ್ರಿಯವರೆಗೂ ಕದಲುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಕೆಲಸ ಸಾಗುತ್ತದೆ ಅನ್ನುವುದಕ್ಕೆ ಈಗ ‘ಬಾಡಿ ಡಬ್ಲಿಂಗ್’ ಅನ್ನುವ ಹೆಸರಿದೆಯಂತೆ. ಅತ್ತೆಗೆ ಹೇಳಿದೆ. “ಅದಕ್ಕೂ ಇಂಗ್ಲಿಷ್ ಬೇಕಿತ್ತಾ?” ಅಂದರು. ಆದರೆ ಬ್ಯಾಂಕಿನ ಅರ್ಜಿ ತುಂಬುವಾಗ ಅವರೇ ಹೂವು ಕಟ್ಟುತ್ತ ಪಕ್ಕದಲ್ಲಿ ಕೂರುತ್ತಾರೆ. ನಾನು ಏಳಲು ಹೊರಟರೆ ತಲೆ ಎತ್ತದೆ ಕೇಳುತ್ತಾರೆ: “ಸೌದೆಗಾ?”

ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ಅದು ಮನೆಯಲ್ಲಿದೆ. ನೀವು ಪ್ರಶ್ನೆ ಕೇಳಿ. ಹಾಂ, ಬಾಗಿಲ ಹತ್ತಿರ ಒಂದು ನೀಲಿ ಕೊಡೆ ಇದೆ. ಹೊರಡುವಾಗ ಯಾರಾದರೂ ನೆನಪಿಸಿ. ಅದು ನನ್ನದೇ ಅಂತ ನಂಬಿದ್ದೇನೆ.