ಭೀಮಾ ದಂಡೆಯಲ್ಲಿ ದೋಣಿ ಎಲ್ಲಿದೆ?

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

2020ರ ಅಕ್ಟೋಬರ್ ನಿಮಗೆ ನೆನಪಿರಬೇಕು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಸುರಿಯಿತು, ಅಲ್ಲಿಂದ ಭೀಮಾ ನದಿಗೆ ನೀರು ಬಿಟ್ಟರು. ಸೊನ್ನ ಬ್ಯಾರೇಜ್ ದಾಟಿ ಬಂದ ಆ ನೀರು ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಒಂದೇ: ದೋಣಿ ಈಗ ಎಲ್ಲಿದೆ? ಕರೆಂಟ್ ಹೋಗಿ ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿದರೆ ಉತ್ತರ ಹೇಳುವವರು ಯಾರು?

ಹವ್ಯಾಸಿ ರೇಡಿಯೊ ನಡೆಸುವ ಹ್ಯಾಮ್‌ಗಳ ಹತ್ತಿರ ಅದಕ್ಕೊಂದು ದಾರಿ ಇದೆ. ಅದರ ಹೆಸರು ಎಪಿಆರ್‌ಎಸ್, ಅಂದರೆ ಯಾರು ಎಲ್ಲಿದ್ದಾರೆ ಅಂತ ರೇಡಿಯೊದಲ್ಲೇ ತಾನಾಗಿ ಸಾರುವ ವ್ಯವಸ್ಥೆ. ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ 1980ರ ದಶಕದಲ್ಲಿ ಇದರ ಕೆಲಸ ಶುರು ಮಾಡಿದರು. ಅವರು 2022ರಲ್ಲಿ ತೀರಿಕೊಂಡರು. ಇದು ಬರೀ ಗಾಡಿ ಹುಡುಕುವ ಸಾಧನ ಅಲ್ಲ, ಸುತ್ತಮುತ್ತ ಈಗ ಏನು ನಡೆಯುತ್ತಿದೆ ಅಂತ ಎಲ್ಲರಿಗೂ ಒಟ್ಟಿಗೆ ತಿಳಿಸುವ ಏರ್ಪಾಡು ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನನಗೂ ಹಾಗೇ ಅನಿಸುತ್ತದೆ.

ದೋಣಿಯಲ್ಲಿರುವ ಹ್ಯಾಮ್ ಹತ್ತಿರ ಒಂದು ಹ್ಯಾಂಡ್‌ಸೆಟ್, ಅದಕ್ಕೆ ಜೋಡಿಸಿದ ಜಿಪಿಎಸ್ ಇರುತ್ತದೆ. ಸೆಟ್ ಆಗಾಗ 'ಝರ್ರ್' ಅಂತ ಸದ್ದು ಮಾಡುತ್ತದೆ. ಹೆಚ್ಚೆಂದರೆ ಒಂದು ಸೆಕೆಂಡು, ಅಷ್ಟೇ. 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳು ಬೇಗಬೇಗ ಬದಲಾಗುವ ಸದ್ದು ಅದು. ಅದರೊಳಗೆ ಆ ಹ್ಯಾಮ್‌ನ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಅವರನ್ನು ಗುರುತಿಸುವ ಹೆಸರು ಇದೆ, ಇದು ದೋಣಿ ಎಂದು ಹೇಳುವ ಗುರುತಿದೆ, ಜಾಗವೂ ಇದೆ. 1720.00 ಉತ್ತರ, 07650.00 ಪೂರ್ವ ಅಂತ ಬಂದರೆ 17 ಡಿಗ್ರಿ 20 ಮಿನಿಟ್, 76 ಡಿಗ್ರಿ 50 ಮಿನಿಟ್. ಅಂದರೆ ನಮ್ಮ ಕಲಬುರಗಿ! ಉತ್ತರದ ಸಂಖ್ಯೆಯ ಕೊನೆಯ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ಜಾಗ ಸುಮಾರು 18 ಮೀಟರ್ ಸರಿಯುತ್ತದೆ. ದೋಣಿ ಯಾವ ಓಣಿಯ ಬಾಯಲ್ಲಿದೆ ಅಂತ ಹೇಳಲು ಇಷ್ಟು ಸಾಕಲ್ವಾ?

ಹ್ಯಾಂಡ್‌ಸೆಟ್‌ನ ದನಿ ದೂರ ಹೋಗುವುದಿಲ್ಲ. ಅದಕ್ಕೇ ಎತ್ತರದಲ್ಲಿ ಡಿಜಿಪೀಟರ್ ಇಡುತ್ತಾರೆ. ಹೊಲದಿಂದ ಹೊಲಕ್ಕೆ ಕೂಗು ದಾಟಿಸಿದ ಹಾಗೆ ಅದು ಕೇಳಿದ್ದನ್ನು ಮತ್ತೆ ಕೂಗುತ್ತದೆ. ಎಷ್ಟು ಸಲ ದಾಟಿಸಬೇಕು ಅನ್ನುವುದು ಸಂದೇಶದಲ್ಲೇ ಬರೆದಿರುತ್ತದೆ. ಒಂದೊಂದು ಸಲ ದಾಟಿದಾಗಲೂ ಆ ಲೆಕ್ಕ ಒಂದು ಇಳಿಯುತ್ತದೆ. ಎಲ್ಲರಿಗೂ ಇರುವುದು ಒಂದೇ ತರಂಗಾಂತರ. ಹತ್ತು ಸೆಕೆಂಡಿಗೊಮ್ಮೆ ತನ್ನ ಜಾಗ ಸಾರುತ್ತ ಕೂತವನು ಬೇರೆಯವರ ಬಾಯಿ ಕಟ್ಟುತ್ತಾನೆ. ಮನೆಯಲ್ಲಿ ಕೂತ ನಿಲ್ದಾಣಕ್ಕೆ ಅರ್ಧ ಗಂಟೆಗೊಮ್ಮೆ ಸಾಕು.

ಇನ್ನು ಇಂಟರ್‌ನೆಟ್. ಐಗೇಟ್ ಎಂಬ ನಿಲ್ದಾಣ ಗಾಳಿಯಲ್ಲಿ ಕೇಳಿದ್ದನ್ನು ಜಾಲಕ್ಕೆ ಏರಿಸುತ್ತದೆ. ಆಮೇಲೆ ಎಪಿಆರ್‌ಎಸ್ ಡಾಟ್ ಎಫ್‌ಐ ಎಂಬ ತಾಣದ ನಕ್ಷೆಯಲ್ಲಿ ಬೆಂಗಳೂರಿನವರೂ ದೋಣಿ ನೋಡಬಹುದು. ಇಲ್ಲಿ ಗುಟ್ಟು ಎಂಬುದು ಇಲ್ಲ. ಹ್ಯಾಮ್ ಕಳಿಸಿದ್ದನ್ನು ಯಾರು ಬೇಕಾದರೂ ನೋಡಬಹುದು, ಕಳಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಇಂಟರ್‌ನೆಟ್ ನಿಂತರೆ ಹೊರಗಿನವರಿಗೆ ನಕ್ಷೆ ಕಾಣುವುದಿಲ್ಲ. ಆದರೆ ದಂಡೆಯ ಮೇಲಿರುವ ಹ್ಯಾಮ್ ತನ್ನ ರೇಡಿಯೊ ಸೆಟ್‌ಗೆ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ದೋಣಿ ಕಾಣುತ್ತಲೇ ಇರುತ್ತದೆ. ನಾನು ಇದರ ಬೆನ್ನು ಹತ್ತಿರುವುದು ಇದಕ್ಕೇ.

ನಮ್ಮದು ಬಯಲುಸೀಮೆ, ಗುಡ್ಡದ ಕಾಟ ಕಡಿಮೆ. ಆದರೂ ಭೂಮಿ ದುಂಡಗಿದೆ. 30 ಮೀಟರ್ ಎತ್ತರದ ಆಂಟೆನಾದಿಂದ ರೇಡಿಯೊ ಅಲೆ ನೆಲದ ಮಟ್ಟದಲ್ಲಿ ಮುಟ್ಟುವುದು ಸುಮಾರು 22 ಕಿಲೋಮೀಟರ್. ಬೀದರಿಗೆ ಪ್ರಸ್ಥಭೂಮಿಯ ಎತ್ತರವೇ ನೆರವು. ಭೀಮಾ ದಂಡೆಗೆ ಆ ಅನುಕೂಲ ಇಲ್ಲ. ಅಲ್ಲಿ ಊರಿನ ನೀರಿನ ಟ್ಯಾಂಕ್ ಮೇಲೆ ಡಿಜಿಪೀಟರ್‌ನ ಆಂಟೆನಾ ಏರಿಸಬೇಕು. ಕೆಳಗೆ ಒಂದು ಸೆಟ್, ಒಂದು ಪುಟ್ಟ ಕಂಪ್ಯೂಟರ್, ಸೋಲಾರ್ ಪ್ಯಾನೆಲ್, ಬ್ಯಾಟರಿ ಬೇಕು. ಅಫಜಲಪುರದಿಂದ ಕಲಬುರಗಿವರೆಗೆ, ಅತ್ತ ಶಹಾಪುರ, ಯಾದಗಿರಿವರೆಗೆ ಇಂಥವು ಸಾಲಾಗಿ ನಿಲ್ಲಬೇಕು. ಅದೂ ಮಳೆಗಾಲಕ್ಕೆ ಮುಂಚೆ.

ಸೆಟ್ ಹಿಡಿದು ಮಾತಾಡಲು ಲೈಸೆನ್ಸ್ ಬೇಕು. 12 ವರ್ಷ ತುಂಬಿದವರು ಕೇಂದ್ರ ಸರಕಾರದ ಪರೀಕ್ಷೆ ಬರೆಯಬಹುದು. ಲೈಸೆನ್ಸಿನ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್, ಅಂದರೆ ತಂತಿಯ ಟಿಕ್-ಟಿಕ್ ಸಂಕೇತ ಕಲಿಯಬೇಕಾಗಿಲ್ಲ. ನದಿ ದಂಡೆಯ ಶಾಲೆಗಳ ವಿಜ್ಞಾನ ಮೇಷ್ಟ್ರುಗಳೇ, ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗ ಹುಡುಗಿಯರನ್ನು ಈ ಪರೀಕ್ಷೆಗೆ ಕೂರಿಸಿ.