ಮೊದಲು ಗುರುತು ನೋಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಶೂಟಿಂಗ್ ರೇಂಜ್ ಬಿಟ್ಟು ಈ ಹಾಲ್‌ನಲ್ಲಿ ಕೂತಿದ್ದೀರಿ, ಸಂತೋಷ. ಪಿಸ್ತೂಲಿನೊಳಗೆ ತೋಟಾಕ್ಕೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ ಯಾವುದು ಒಳ್ಳೆಯದು, ಯಾವ ಸ್ಪ್ರಿಂಗ್ ಹಾಕಿಸಬೇಕು, ಇದರ ಬಗ್ಗೆ ಮಾತಾಡಿ ಎಂದು ನಮ್ಮ ಕ್ಲಬ್ಬಿನ ಕಾರ್ಯದರ್ಶಿಗಳು ಕೇಳಿದರು. ತಕ್ಷಣ ಒಪ್ಪಿಕೊಂಡೆ. ಅದಕ್ಕೆ ಕಾರಣ ಇದೆ.

ಹೋದ ತಿಂಗಳು ಇಲ್ಲೇ ಅಭ್ಯಾಸದ ಮ್ಯಾಚ್ ಇತ್ತಲ್ಲ, ಅಲ್ಲಿ ಒಬ್ಬಳು ಹುಡುಗಿ 25 ಮೀಟರ್ ಸ್ಪೋರ್ಟ್ ಪಿಸ್ತೂಲ್‌ನ ರ್‍ಯಾಪಿಡ್ ಹಂತದಲ್ಲಿ ನಿಂತಿದ್ದಳು. ನಿಮಗೆ ಗೊತ್ತೇ ಇದೆ, 7 ಸೆಕೆಂಡ್ ಕಾಯಬೇಕು, 3 ಸೆಕೆಂಡಿನಲ್ಲಿ ಕೈ ಎತ್ತಿ ಒಂದೇ ಗುಂಡು ಹೊಡೆಯಬೇಕು. ಅವಳ ಕೈ ಚೆನ್ನಾಗಿ ಮೇಲೆ ಬಂತು, ಗುರಿಯಲ್ಲಿ ನಿಂತಿತು. ಟ್ರಿಗರ್ ಒತ್ತಿದಳು. 'ಟಿಕ್' ಅಂತು. ಅಷ್ಟೇ. ನಾನು ಹಿಂದೆ ನಿಂತಿದ್ದೆ. ಅವಳ ಹೆಗಲು ಇಳಿದಿದ್ದು ಕಾಣಿಸಿತು. ಆಮೇಲೆ ಕೇಳಿದರೆ, ಟ್ರಿಗರ್ ನಯ ಆಗುತ್ತದೆ ಅಂತ ಯಾರೋ ಹೇಳಿ, ಪಿನ್ನಿಗೆ ಗುದ್ದುವ ಹ್ಯಾಮರ್‌ಗೆ ಹಗುರವಾದ ಸ್ಪ್ರಿಂಗ್ ಹಾಕಿಸಿದ್ದರಂತೆ. ನನಗೆ ಸಂಕಟವಾಯಿತು. ನಾಲ್ಕು ತಿಂಗಳ ಶ್ರಮ ಒಂದು ಸ್ಪ್ರಿಂಗಿನಿಂದ ನೀರಿಗೆ ಹೋಗಬಾರದು.

ಹಾಗಾಗಿ ಇವತ್ತಿನ ಮಾತು ಇಷ್ಟೇ. ಗುಂಡು ಹಾರದಿದ್ದರೆ ಅಂಗಡಿಗೆ ಫೋನ್ ಮಾಡುವ ಮೊದಲು ಆ ತೋಟಾದ ಮೇಲೆ ಪಿನ್ ಬಡಿದು ಬಿದ್ದ ಗುರುತು ನೋಡಿ. ಇದನ್ನು ಇವತ್ತು ನನ್ನ ಬಾಯಲ್ಲಿ ತುಂಬಾ ಸಲ ಕೇಳುತ್ತೀರಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಚಕಮಕಿ ಕಲ್ಲಿನ ಕೋವಿ ಇತ್ತಲ್ಲ, ಅದರಲ್ಲಿ ಮೊದಲು ಹೊರಗೆ ಕಿಡಿ ಹಾರಿ, ಬಟ್ಟಲಿನ ಮದ್ದು ಭುಗ್ ಎಂದು ಹೊತ್ತಿ, ಆಮೇಲೆ ಒಳಗಿನ ಮದ್ದಿಗೆ ಬೆಂಕಿ ಹೋಗಬೇಕು. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫಾರ್ಸೈತ್ ಅಂತ ಒಬ್ಬ ಪಾದ್ರಿ ಇದ್ದರು. ಹಕ್ಕಿ ಬೇಟೆಯ ಹುಚ್ಚು. ಆ ಹೊರಗಿನ ಬೆಂಕಿ ಕಂಡ ಕೂಡಲೇ ಬಾತುಕೋಳಿಗಳು ಹಾರಿಹೋಗುತ್ತಿದ್ದವು. ಚರೆ ತಲುಪುವಷ್ಟರಲ್ಲಿ ಹಕ್ಕಿ ಅಲ್ಲಿ ಇರುತ್ತಲೇ ಇರಲಿಲ್ಲ! ಅದಕ್ಕೆ ಆ ಪಾದ್ರಿ, ಏಟು ಬಿದ್ದರೆ ಸಾಕು ಸಿಡಿಯುವ ಮದ್ದನ್ನು ಕೋವಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದರು. ನಮ್ಮ ಮಲೆನಾಡಿನ ಕೇಪಿನ ಕೋವಿಯ ಮೂಲ ಅಲ್ಲಿದೆ. ಇವತ್ತು ನಾವು ಪ್ರೈಮರ್ ಅನ್ನುವುದು ಅದೇ ಕೇಪು, ತೋಟಾದ ತಳದೊಳಗೆ ಹೋಗಿ ಕೂತಿದೆ.

ಆಮೇಲೆ ಪ್ರಷ್ಯಾದ ಡ್ರೈಸೆ ಎಂಬಾತ ಸೂಜಿ ಬಂದೂಕು ಮಾಡಿದ. 1841ರಲ್ಲಿ ಪ್ರಷ್ಯಾದ ಸೇನೆ ಅದನ್ನು ಒಪ್ಪಿಕೊಂಡಿತು, 1866ರಲ್ಲಿ ಆಸ್ಟ್ರಿಯಾದ ಮೇಲಿನ ಯುದ್ಧದಲ್ಲಿ ಹೆಸರು ಮಾಡಿತು. ಅದರ ಫೈರಿಂಗ್ ಪಿನ್ ಉದ್ದನೆಯ ಸೂಜಿ. ಕಾಗದದ ತೋಟಾವನ್ನು ಚುಚ್ಚಿ, ಮದ್ದಿನ ನಡುವೆಯೇ ತೂರಿ, ಗುಂಡಿನ ಬುಡದಲ್ಲಿದ್ದ ಕೇಪಿಗೆ ಹೊಡೆಯಬೇಕು. ಅಂದರೆ ಮದ್ದು ಉರಿಯುವಾಗ ಸೂಜಿ ಆ ಬೆಂಕಿಯ ಒಳಗೇ ಇರುತ್ತಿತ್ತು. ತುಕ್ಕು ಹಿಡಿದು, ಸವೆದು, ಮುರಿಯುತ್ತಿತ್ತು. ಸಿಪಾಯಿಗಳು ಬೇರೆ ಸೂಜಿಯನ್ನು ಜೊತೆಗೇ ಇಟ್ಟುಕೊಂಡು ಓಡಾಡುತ್ತಿದ್ದರು. ಈ ಕತೆ ನನಗೆ ತುಂಬಾ ಇಷ್ಟ. ಪಿನ್ ಎನ್ನುವುದು ಸವೆಯುವ ಸಾಮಾನು ಎಂದು ಅವರಿಗೆ ಆಗಲೇ ಗೊತ್ತಿತ್ತು.

ಈಗ ನಮ್ಮ ಪಿಸ್ತೂಲಿಗೆ ಬರೋಣ. ಇಲ್ಲಿ ಕೂತವರಲ್ಲಿ ಜಾಸ್ತಿ ಜನ .22 ಅಳತೆಯ ತೋಟಾ ಹೊಡೆಯುವವರು, ಕೆಲವರು ಸೆಂಟರ್ ಫೈರ್‌ಗೆ .32 ಹಿಡಿಯುವವರು. ಎರಡಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ತಲೆಯಲ್ಲಿರಲಿ. .32ರ ತಳದ ನಡುವೆ ಪುಟ್ಟ ಬಟ್ಟಲಿದೆ. ಬಟ್ಟಲೊಳಗೆ ಸಿಡಿಯುವ ಮದ್ದು, ಅದರಾಚೆ ಸಣ್ಣ ಅಡಿಗಲ್ಲಿನಂಥ ಲೋಹದ ತುಂಡು. ಪಿನ್ ಬಟ್ಟಲನ್ನು ಒಳಕ್ಕೆ ತಗ್ಗಿಸಿದಾಗ ಮದ್ದು ಎರಡರ ನಡುವೆ ನಜ್ಜಾಗಿ ಸಿಡಿಯುತ್ತದೆ. .22ಗೆ ಬಟ್ಟಲೇ ಇಲ್ಲ. ಮದ್ದು ತೋಟಾದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿದೆ. ಪಿನ್ ಆ ಅಂಚನ್ನು, ತೋಟಾ ಕೂರುವ ಗೂಡಾದ ಚೇಂಬರ್‌ನ ಬಾಯಿಗೆ ಒತ್ತಿ ಜಜ್ಜಬೇಕು. ಇಲ್ಲಿ ಅಡಿಗಲ್ಲು ಅಂದರೆ ನಿಮ್ಮ ಬ್ಯಾರಲ್ಲೇ! ಅದಕ್ಕೇ ಹೇಳುವುದು, .22ರಲ್ಲಿ ಸುಮ್ನೆ ಖಾಲಿ ಹೊಡೆಯಬೇಡಿ ಅಂತ. ಡ್ರೈ ಫೈರ್‌ಗೆ ಬೇರೆ ಏರ್ಪಾಡು ಇರುವ ಪಿಸ್ತೂಲಾದರೆ ಅದನ್ನು ಬಳಸಿ, ಇಲ್ಲವಾದರೆ ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ನಕಲಿ ತೋಟಾ ಹಾಕಿ. ಕೆಲವು ಪಿಸ್ತೂಲುಗಳಲ್ಲಿ ಖಾಲಿ ಹೊಡೆದರೆ ಪಿನ್ ಹೋಗಿ ಚೇಂಬರ್‌ನ ಅಂಚಿಗೇ ಬಡಿಯುತ್ತದೆ, ಅಲ್ಲಿ ತಗ್ಗು ಬೀಳುತ್ತದೆ. ಆಮೇಲೆ ತೋಟಾದ ಅಂಚಿಗೆ ಆಸರೆಯೇ ಇರುವುದಿಲ್ಲ. ಆಗ ಎಂಥ ಹೊಸ ಪಿನ್ ಹಾಕಿಸಿದರೂ ಅದು ಗಾಳಿಗೆ ಗುದ್ದಿದ ಹಾಗೆ.

ನನ್ನ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದಿನದು. ಒಂದು ಸೀಸನ್ ಪೂರ್ತಿ ನನ್ನ .22 ಕಾಡಿತು. ಮೊದಲ ಮೂವತ್ತು ನಲವತ್ತು ಗುಂಡು ಸರಾಗ. ಆಮೇಲೆ ಇದ್ದಕ್ಕಿದ್ದಂತೆ ಒಂದು ಟಿಕ್. ಮತ್ತೆ ಐದಾರು ಸರಿ, ಮತ್ತೊಂದು ಟಿಕ್. ಒಬ್ಬರು ಸ್ಪ್ರಿಂಗ್ ಹೋಗಿದೆ ಅಂದರು. ಹೊಸ ಸ್ಪ್ರಿಂಗ್ ತರಿಸಿದೆ. ಲೈಸೆನ್ಸ್ ಇರುವ ಡೀಲರ್ ಮೂಲಕ ಬರಬೇಕು, ಹೊರದೇಶದ ಸಾಮಾನು, ತಿಂಗಳುಗಟ್ಟಲೆ ಕಾದೆ. ಬಂತು, ಹಾಕಿಸಿದೆ, ಮತ್ತೆ ಟಿಕ್. ಇನ್ನೊಬ್ಬರು ಪಿನ್ ಸವೆದಿದೆ ಅಂದರು. ಹೊಸ ಪಿನ್ ಬಂತು. ಟಿಕ್. ಮತ್ತೊಬ್ಬರು ತೋಟಾದ ಕಂಪನಿ ಬದಲಿಸಿ ಅಂದರು. ಬದಲಿಸಿದೆ. ಆಗಲೂ ಟಿಕ್.

ಕೊನೆಗೆ ಬಂದೂಕು ರಿಪೇರಿ ಮಾಡುವ ಒಬ್ಬ ಹಳೇ ಆರ್ಮರರ್ ಹತ್ತಿರ ಹೋದೆ. ಸೇನೆಯಿಂದ ನಿವೃತ್ತಿಯಾದವರು. ಪಿಸ್ತೂಲು ಕೊಡಲು ಹೋದರೆ ಅವರು ಕೈಯನ್ನೇ ಚಾಚಲಿಲ್ಲ. "ಟಿಕ್ ಅಂದ ತೋಟಾ ಎಲ್ಲಪ್ಪಾ?" ಅಂದರು. ತಂದಿರಲಿಲ್ಲ. "ಎರಡನೇ ಏಟಿಗೆ ಹಾರುತ್ತಾ?" ಅಂತ ಕೇಳಿದರು. ಹೌದು ಅಂದೆ. "ಪ್ರತಿ ಸಲ?" ಯೋಚಿಸಿದೆ. ಹೌದು, ಪ್ರತಿ ಸಲ. ನಕ್ಕರು. ಪಿಸ್ತೂಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿದರು, ಬಿಚ್ಚಿದರು, ಚೇಂಬರ್‌ಗೆ ಹಿತ್ತಾಳೆಯ ಬ್ರಶ್ ಹಾಕಿ ತಿರುಗಿಸಿದರು. ಬ್ರಶ್ ಹೊರಗೆ ಬಂದಾಗ ಅದರ ತುಂಬಾ ಬೂದು ಬಣ್ಣದ ಮೇಣ. ಬೆಂಕಿಕಡ್ಡಿಯಿಂದ ಕೆರೆದು ನನ್ನ ಅಂಗೈ ಮೇಲೆ ಇಟ್ಟರು. ಅಂಟಂಟು, ಒಳಗೆ ಸಣ್ಣ ಮರಳಿನ ಹಾಗೆ ಮಸಿ.

ಆಗಿದ್ದೇನು ಅಂದರೆ, .22 ಗುಂಡಿಗೆ ಮೇಣ ಸವರಿರುತ್ತಾರೆ. ಹೊಡೆಯುತ್ತಾ ಹೋದ ಹಾಗೆ ಮೇಣ, ಸೀಸ, ಮಸಿ ಮೂರೂ ಸೇರಿ ಚೇಂಬರ್‌ನಲ್ಲಿ ಉಂಗುರ ಕಟ್ಟುತ್ತದೆ. ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ, ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಹ್ಯಾಮರ್ ಬಿದ್ದಾಗ ಅದರ ಶಕ್ತಿಯೆಲ್ಲ ತೋಟಾವನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಅಂಚನ್ನು ಜಜ್ಜಲು ಏನೂ ಉಳಿಯುವುದಿಲ್ಲ. ಎರಡನೇ ಏಟಿಗೆ ತೋಟಾ ಆಗಲೇ ಒಳಗೆ ಕೂತಿದೆ, ಹಾರುತ್ತದೆ. ಒಂದು ಸ್ಪ್ರಿಂಗು, ಒಂದು ಪಿನ್ನು, ಒಂದು ಸೀಸನ್. ಬೇಕಿದ್ದದ್ದು ಒಂದು ಬ್ರಶ್. ನಾನು ಗುರುತು ನೋಡಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. .32ರಲ್ಲೂ ಇದೇ ನಡೆಯುತ್ತದೆ. ಕೈಯಲ್ಲಿ ತುಂಬಿದ ತೋಟಾದಲ್ಲಿ ಪ್ರೈಮರ್ ಪೂರ್ತಿ ಕೂರದೆ ಮೇಲಿದ್ದರೆ ಮೊದಲ ಏಟು ಅದನ್ನು ಕೂರಿಸುತ್ತದೆ, ಎರಡನೆಯದು ಸಿಡಿಸುತ್ತದೆ.

ಈಗ ಸ್ಪ್ರಿಂಗ್. ಇಲ್ಲಿ ತುಂಬಾ ಜನ ಎರಡು ಸ್ಪ್ರಿಂಗನ್ನು ಒಂದು ಮಾಡಿಕೊಳ್ಳುತ್ತಾರೆ. ಹ್ಯಾಮರ್, ಅಂದರೆ ನಮ್ಮ ಊರ ಕಡೆ ಕುದುರೆ, ಅದನ್ನು ಓಡಿಸುವ ಮೇನ್ ಸ್ಪ್ರಿಂಗ್ ಬೇರೆ. ಪಿನ್ನಿನ ಸುತ್ತ ಇರುವ ಪುಟ್ಟ ಸ್ಪ್ರಿಂಗ್ ಬೇರೆ. ಮೊದಲನೆಯದು ಏಟು ಕೊಡುತ್ತದೆ. ಎರಡನೆಯದು ಪಿನ್ನನ್ನು ಹಿಂದಕ್ಕೆ ಎಳೆದು ಇಟ್ಟುಕೊಳ್ಳುತ್ತದೆ. ಏಟು ಜೋರಾಗಲಿ ಅಂತ ಪಿನ್ನಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಏಟು ಇನ್ನೂ ಮೆತ್ತಗಾಗುತ್ತದೆ! ಗ್ಲಾಕ್ ಥರದ ಸ್ಟ್ರೈಕರ್ ಪಿಸ್ತೂಲುಗಳಲ್ಲಿ ಮಾತ್ರ ಹ್ಯಾಮರ್ ಇಲ್ಲ, ಪಿನ್ನಿನ ಸ್ಪ್ರಿಂಗೇ ಏಟು ಕೊಡುವುದು. ನಿಮ್ಮದು ಯಾವ ಜಾತಿ ಎಂದು ತಿಳಿದುಕೊಂಡು ಮಾತಾಡಬೇಕು.

ಕೋಲ್ಟ್ 1911 ಇದಕ್ಕೆ ಒಳ್ಳೆಯ ಪಾಠ. ಜಾನ್ ಬ್ರೌನಿಂಗ್ ಮಾಡಿದ ಪಿಸ್ತೂಲು. ಅದರ ಪಿನ್ ತಾನು ಕೂತ ರಂಧ್ರಕ್ಕಿಂತ ಗಿಡ್ಡ. ಹ್ಯಾಮರ್ ಪಿನ್ನಿಗೆ ತಾಗಿ ಕೂತಿದ್ದರೂ ಪಿನ್ನಿನ ತುದಿ ಪ್ರೈಮರ್ ಮುಟ್ಟುವುದಿಲ್ಲ. ಹ್ಯಾಮರ್ ಗುದ್ದಿದ ವೇಗದಲ್ಲಿ ಪಿನ್ ತಾನೇ ಹಾರಿಹೋಗಿ ಹೊಡೆದು, ಸ್ಪ್ರಿಂಗಿನ ಬಲದಿಂದ ವಾಪಸ್ ಬರುತ್ತದೆ. ಕೇರಂ ಸ್ಟ್ರೈಕರ್ ಕಾಯಿನ್ನಿಗೆ ಹೊಡೆದ ಹಾಗೆ. ಬಹಳ ಸುಂದರ ಯೋಚನೆ. ಆದರೆ ಪಿಸ್ತೂಲು ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ? ಪಿಸ್ತೂಲು ನಿಂತರೂ ಪಿನ್ ಮುಂದಕ್ಕೆ ಓಡುತ್ತದೆ. ಅದಕ್ಕೆ ಕೋಲ್ಟ್ ಕಂಪನಿ 1983ರಲ್ಲಿ ಸೀರೀಸ್ 80 ಎಂದು ಪಿನ್ನಿಗೆ ಅಡ್ಡ ತಡೆ ಇಟ್ಟಿತು. ಬೇರೆ ಕೆಲವರು ಟೈಟೇನಿಯಂ ಪಿನ್ನಿನ ದಾರಿ ಹಿಡಿದರು. ಟೈಟೇನಿಯಂ ತೂಕ ಉಕ್ಕಿನ ತೂಕದ ಸುಮಾರು ಶೇಕಡಾ 60 ಅಷ್ಟೇ. ಹಗುರವಾದ ಪಿನ್ ಬಿದ್ದಾಗ ಕಡಿಮೆ ಶಕ್ತಿಯಿಂದ ಮುಂದೆ ನುಗ್ಗುತ್ತದೆ, ಜೊತೆಗೆ ಸ್ವಲ್ಪ ಗಟ್ಟಿ ಸ್ಪ್ರಿಂಗ್ ಅದನ್ನು ಹಿಡಿಯುತ್ತದೆ. ಹ್ಯಾಮರ್ ಹೊಡೆದಾಗ ಅದೇ ಪಿನ್ ಜಾಸ್ತಿ ವೇಗ ಪಡೆದುಕೊಳ್ಳುತ್ತದೆ, ಆದ್ದರಿಂದ ಗುಂಡು ಹಾರುತ್ತದೆ.

ಇಲ್ಲಿವರೆಗೆ ಸರಿ. ಈಗ ಇದರ ಜೊತೆಗೆ ಟ್ರಿಗರ್ ನಯ ಆಗಲಿ ಅಂತ ಮೇನ್ ಸ್ಪ್ರಿಂಗನ್ನೂ ಹಗುರ ಮಾಡಿ ನೋಡಿ. ಹಗುರ ಪಿನ್, ಅದನ್ನು ಹಿಂದಕ್ಕೆ ಜಗ್ಗುವ ಗಟ್ಟಿ ಸ್ಪ್ರಿಂಗ್, ಮೆತ್ತಗಿನ ಹ್ಯಾಮರ್. ಮೂರೂ ಒಂದೇ ಕಡೆಗೆ ಎಳೆಯುತ್ತವೆ. ಒಂದೊಂದೇ ಹಾಕಿದ್ದರೆ ತಡೆದುಕೊಳ್ಳುತ್ತಿತ್ತು. ಹಾಗಾಗಿ ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ನೂರಿನ್ನೂರು ಗುಂಡು ಹೊಡೆದು ಗುರುತು ನೋಡಿ, ಆಮೇಲೆ ಮುಂದಿನದು.

ಟ್ರಿಗರ್ ವಿಷಯಕ್ಕೂ ಒಂದು ಮಾತು. ನಮ್ಮ 25 ಮೀಟರ್ ಪಂದ್ಯಗಳಲ್ಲಿ ಟ್ರಿಗರ್ 1000 ಗ್ರಾಂ ತೂಕವನ್ನು ಎತ್ತಲೇಬೇಕು, ಅದಕ್ಕಿಂತ ಹಗುರ ಇರುವ ಹಾಗಿಲ್ಲ. ಹಾಗಿದ್ದ ಮೇಲೆ ಹ್ಯಾಮರ್ ಸ್ಪ್ರಿಂಗಿನಿಂದ ಕದ್ದು ಏನು ಸಿಗಬೇಕು? ನಯ ಬೇಕಾದರೆ, ಹ್ಯಾಮರನ್ನು ಹಿಡಿದಿಟ್ಟು ಟ್ರಿಗರ್ ಒತ್ತಿದಾಗ ಬಿಡುವ ಸಿಯರ್‌ನ ಮುಖ ನಯ ಇರಬೇಕು. ಆ ಕೆಲಸ ಅರಿತ ಆರ್ಮರರ್‌ದು. ಮನೆಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿ ಅದನ್ನು ಒತ್ತಿದ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಅರ್ಧ ಒತ್ತಿದರೆ ಸಿಗುವುದು ಅರ್ಧ ಅಲ್ಲ, ಕಾಲು ಭಾಗ.

ಹತ್ತೇ ನಿಮಿಷ ಅಂತ ಚೀಟಿ ಬಂದಿದೆ. ಪಿನ್ನಿನ ತುದಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಚುಟುಕಾಗಿ ಹೇಳುತ್ತೇನೆ. ಸೆಂಟರ್ ಫೈರ್, ಅಂದರೆ .32 ಥರದ ಪಿಸ್ತೂಲಿನ ಪಿನ್ನಿನ ತುದಿ ಗುಂಡಗೆ, ನಯವಾಗಿ ಇರಬೇಕು. ಚೂಪಾದರೆ ಪ್ರೈಮರ್ ತೂತಾಗಿ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಕನ್ನಡಕ ಹಾಕದೆ ಯಾರೂ ಫೈರಿಂಗ್ ಲೈನಿಗೆ ಬರಬೇಡಿ ಎನ್ನುವುದು ಇದಕ್ಕೂ ಸೇರಿಸಿಯೇ. ಗುರುತು ನಡುವೆ ಇಲ್ಲದೆ ಪಕ್ಕಕ್ಕೆ ಬಿದ್ದಿದ್ದರೆ ಸ್ಪ್ರಿಂಗಿನ ತಪ್ಪಲ್ಲ, ಜೋಡಣೆ ನೋಡಿಸಿ. ಗುರುತು ಆಳವಾಗಿದ್ದೂ ಹಾರದಿದ್ದರೆ ಅನುಮಾನ ಮೊದಲು ತೋಟಾದ ಮೇಲೆ. .22 ಆದರೆ ಅದನ್ನು ತಿರುಗಿಸಿ ಅಂಚಿನ ಬೇರೆ ಜಾಗಕ್ಕೆ ಏಟು ಬಿದ್ದಾಗ ಹಾರಿತೋ ನೋಡಿ. ಹಾರಿದರೆ ಆ ಮೊದಲ ಜಾಗದಲ್ಲಿ ಮದ್ದೇ ಇರಲಿಲ್ಲ ಅಂತ ಅರ್ಥ.

ಮಳೆಗಾಲ. ಕೊಡಗು, ಚಿಕ್ಕಮಗಳೂರು ಕಡೆಯಿಂದ ಬಂದವರಿಗೆ ಇದು. ತುಕ್ಕಿಗೆ ಹೆದರಿ ಪಿನ್ನಿನ ರಂಧ್ರಕ್ಕೆ ಎಣ್ಣೆ ಸುರಿಯುತ್ತೀರಿ. ಎಣ್ಣೆಗೆ ಮಸಿ ಸೇರಿ ಗೋಂದಾಗುತ್ತದೆ, ಪಿನ್ ಕೆಸರಲ್ಲಿ ಓಡಿದ ಹಾಗೆ ಓಡುತ್ತದೆ. ರಂಧ್ರ ಒಣಗಿರಲಿ, ಪಿನ್ನಿಗೆ ಎಣ್ಣೆ ಒರೆಸಿದ ಬಟ್ಟೆ ತಾಗಿಸಿದರೆ ಸಾಕು. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ತೊಳೆದು ಒರೆಸಿ ಹೂವಿಟ್ಟು ಪೂಜೆ ಮಾಡುತ್ತೀರಲ್ಲ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಮೊದಲು ಆ ರಂಧ್ರವನ್ನೂ ಒಮ್ಮೆ ಒರೆಸಿಬಿಡಿ.

ಕೊನೆಯದು, ಇದನ್ನು ಅವಸರದಲ್ಲಿ ಹೇಳುವ ಹಾಗಿಲ್ಲ. ಟಿಕ್ ಅಂದ ಕೂಡಲೇ ಪಿಸ್ತೂಲು ತಿರುಗಿಸಬೇಡಿ, ಬಗ್ಗಿ ನೋಡಬೇಡಿ. ತಡವಾಗಿ ಹೊತ್ತುವ ತೋಟಾ ಇರುತ್ತದೆ. ಮೂತಿ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ಮ್ಯಾಚಿನಲ್ಲಾದರೆ ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರ್‌ನ ಕರೆಯಿರಿ, ನೀವೇ ಮುಟ್ಟಲು ಹೋಗಬೇಡಿ. ಹಾರದ ತೋಟಾವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯಬೇಡಿ. ಗುರುತಿನ ಫೋಟೋ ತೆಗೆದುಕೊಳ್ಳಿ, ತೋಟಾ ರೇಂಜಿನ ಡಬ್ಬಿಗೆ ಹಾಕಿ.

ಹೊರಗೆ ಚಹಾದ ಮೇಜಿನ ಪಕ್ಕ ಒಂದು ಭೂತಗನ್ನಡಿ, ಒಂದು ತಟ್ಟೆ ಇಟ್ಟಿದ್ದೇನೆ. ತಟ್ಟೆಯಲ್ಲಿರುವುದೆಲ್ಲ ಹಾರಿದ ಖಾಲಿ ತೋಟಾಗಳು, ಎರಡನೇ ಏಟಿಗೆ ಹಾರಿದವು. ಒಂದೊಂದರ ಮೇಲೂ ಎರಡು ಗುರುತಿವೆ. ಹೋದ ತಿಂಗಳ ಆ ಹುಡುಗಿಯ ತೋಟಾವೂ ಅದರಲ್ಲಿದೆ, ಅವಳೇ ಕೊಟ್ಟಳು. ಈಗ ಕಂಪನಿಯ ಮೂಲ ಸ್ಪ್ರಿಂಗ್ ವಾಪಸ್ ಹಾಕಿಸಿದ್ದಾಳೆ. ಮೊನ್ನೆ ಹೊಡೆದ ಒಂದು ತೋಟಾವನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ. ಬನ್ನಿ, ಎರಡನ್ನೂ ಜೊತೆಗಿಟ್ಟು ನೋಡಿ.